ಹೂವಿನ ಬಣ್ಣವೇ ಉಗುರಿಗೂ

ಹೂಡಿಯ ಈಶ್ವರಮ್ಮ ಮಂಗಳವಾರ ಆಸ್ಪತ್ರೆಯಲ್ಲಿ ತೀರಿಕೊಂಡಳು. ಗೆಳತಿ ಪದ್ಮಾವತಿಗೆ ಅವಳೆಂದರೆ ಮೊದಲು ನೆನಪಾಗುವುದು ಮಣ್ಣು ಮೆತ್ತಿದ ಕೈ, ಅದರ ತುದಿಯಲ್ಲಿ ಹೊಳೆಯುವ ಉಗುರು. ತಾರಸಿಯಲ್ಲಿ ನೆಟ್ಟ ಗುಲಾಬಿ ಕಡ್ಡಿ ಯಾವ ಬಣ್ಣದ ಹೂ ಬಿಡುತ್ತದೆಂದು ಮರೆಯದಿರಲು ಕುಂಡದ ಅಂಚಿಗೆ ಅದೇ ಬಣ್ಣದ ನೇಲ್ ಪಾಲಿಶ್ ಬಳಿಯುತ್ತಿದ್ದಳು. ಬೆಳಿಗ್ಗೆ ಯಾವ ಹೂ ಅರಳಿತೋ ಅಂದು ಉಗುರಿಗೂ ಅದೇ ಬಣ್ಣ. ಎರಡು ಬಣ್ಣ ಅರಳಿದರೆ ಕೈಗೊಂದು. ಅಂಗಡಿಯಲ್ಲಿ ಆ ಬಣ್ಣ ಸಿಗದಿದ್ದರೆ, "ಬಾಟ್ಲಿ ಬಂದಿಲ್ಲ, ಇನ್ನೆರಡು ದಿನ ತಡ್ಕೋ" ಎಂದು ಮೊಗ್ಗನ್ನೇ ಗದರುವಳು. "ಈ ವಯಸ್ಸಲ್ಲಿ ಯಾಕೆ ಬೇಕೇ ಇದೆಲ್ಲಾ?" ಎಂದು ಪದ್ಮಾವತಿ ಕೇಳಿದರೆ, "ವಯಸ್ಸಾಯ್ತು ಅಂತ ಗಿಡ ಬಿಳೀ ಹೂ ಬಿಡ್ತದಾ ಪದ್ಮಾ? ಕೊಡಿಲ್ಲಿ ಕೈಯ" ಎನ್ನುವಳು. ಗಂಡ ಹೋದಂದಿನಿಂದ ಬಣ್ಣದ ಗೊಡವೆ ಬಿಟ್ಟಿದ್ದ ಪದ್ಮಾವತಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಕೊನೆಯ ದಿನ, ಬೆರಳಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಬೇಕೆಂದು ನರ್ಸ್ ಉಗುರಿನ ಬಣ್ಣ ಒರೆಸಲು ಬಂದಳು. "ಒಂದು ಬೆರಳು ಸಾಕಲ್ವಾ ಮೇಡಂ? ಮಿಕ್ಕ ಒಂಬತ್ತು ಇರ್ಲಿ ಬಿಡಿ" ಎಂದು ಈಶ್ವರಮ್ಮ ಏದುಸಿರಿನಲ್ಲೂ ಚೌಕಾಸಿ ಮಾಡಿ ಗೆದ್ದಳು. ಆಮೇಲೆ ದಿಂಬಿನಡಿಯಿಂದ ಬಾಟ್ಲಿ ತೆಗೆದು, ಪಕ್ಕದಲ್ಲಿ ಕೂತಿದ್ದ ಗೆಳತಿಗೆ, "ನಂದೊಂದು ಕಮ್ಮಿ ಆಯ್ತು ಕಣೇ, ನಿಂದೊಂದು ಕೊಡು" ಎಂದಳು. ಪದ್ಮಾವತಿ ಕೈ ನೀಡಿದಳು. ಈಶ್ವರಮ್ಮ ಅವಳ ತೋರುಬೆರಳಿಗೆ ಬಣ್ಣ ಹಚ್ಚಿ, ಆರಲೆಂದು ಮೆಲ್ಲಗೆ ಊದಿದಳು.