ಮಿಸ್ತ್ರಿ ಪಾಲಿಸಿದ ಎಂಟು ಮಾತು

ಮಣಿಕಟ್ಟಿನಿಂದ ಕೆಳಗೆ ಮಿಸ್ತ್ರಿಯವರ ಬಲಗೈ ಜೋತುಬಿದ್ದಿತ್ತು, ಗೂಟಕ್ಕೆ ಹಾಕಿದ ಒದ್ದೆ ಅರಿವೆಯ ಹಾಗೆ. ಮೊಣಕೈ ಎತ್ತುತ್ತಿದ್ದರು, ಮುಂಗೈ ಮೇಲೆ ಬರುತ್ತಿತ್ತು, ಅಂಗೈ ಬರುತ್ತಿರಲಿಲ್ಲ. ನನ್ನನ್ನು ಕಂಡು ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದು ಎದೆಯ ಮುಂದೆ ತಂದರು. "ನೋಡು ಮಾಸ್ತರ, ಶರಣು ಅನ್ನಾಕೂ ಈಗ ಈ ಕೈಗೊಬ್ಬ ಮಿಸ್ತ್ರಿ ಬೇಕಾಗ್ಯಾನ" ಎಂದು ನಕ್ಕರು. ವಸಡಿನ ಅಂಚಿನಲ್ಲಿ ನೀಲಿ ಗೆರೆ ಕಂಡಿತು.

ನಕ್ಕರು ಎಂದು ಬರೆದೆ. ಖಾತ್ರಿಯಿಲ್ಲ. ಇಂಥ ಬರಹಗಳಲ್ಲಿ ಸಾಯುವ ಮುದುಕರು ನಗುತ್ತಾರೆ, ಆ ರೂಢಿಗೆ ನನ್ನ ಕೈ ತಾನೇ ಹಾಗೆ ಬರೆದಿರಬಹುದು. ನೀಲಿ ಗೆರೆ ಮಾತ್ರ ಖಾತ್ರಿ. ಅದು ಕಾಣಬೇಕಾದರೆ ಬಾಯಿ ತೆರೆದಿರಲೇಬೇಕು. ಬೈದಿದ್ದರೂ ತೆರೆದಿರುತ್ತಿತ್ತು.

ಅವರು ರಾಯಚೂರಿನಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿದ್ದ ಒಂದು ಬ್ಯಾಟರಿ ಕಾರ್ಖಾನೆಯ ಮಿಸ್ತ್ರಿ. ಕಾರ್ಖಾನೆ ಎಂದರೆ ಒಂದು ತಗಡಿನ ಶೆಡ್ಡು, ಐದಾರು ಜನ. ಆಟೋ, ಟ್ರ್ಯಾಕ್ಟರ್, ಇನ್ವರ್ಟರುಗಳ ಹಳೆಯ ಬ್ಯಾಟರಿ ಒಡೆದು, ಸೀಸ ಕರಗಿಸಿ, ಜಾಳಿಗೆಯಂಥ ಹೊಸ ಪ್ಲೇಟು ಹೊಯ್ಯುವುದು. ಅದರ ಕಣ್ಣುಗಳಿಗೆ ಸೀಸದ ಆಕ್ಸೈಡನ್ನು ಕಲಸಿ ಮೆತ್ತುವುದು. ಆಕ್ಸೈಡು ಅನ್ನುವುದು ಕಾರ್ಖಾನೆಯ ಒಡೆಯ ಸಾವ್ಕಾರನ ಚೀಟಿಯಲ್ಲಿ ಮಾತ್ರ. ನಮಗೆಲ್ಲ ಅದು ಕೆಂಪು ಹಿಟ್ಟು. ಮಿಸ್ತ್ರಿ ಅದನ್ನು ಜೋಳದ ಹಿಟ್ಟಿನಂತೆ ಅಂಗೈಯ ಬುಡದಿಂದ ಒತ್ತಿ ನಾದುತ್ತಿದ್ದರು. ಪ್ಲೇಟಿಗೆ ಮೆತ್ತುತ್ತಿದ್ದವಳು ಮಟಮಾರಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು. "ಮಿಸ್ತ್ರಿ, ಮನ್ಯಾಗ ಹಿಂಗ ಹಿಟ್ಟು ನಾದಿಕೊಟ್ಟಿದ್ರ ನಿಮ್ಮ ಹೆಂಡ್ತಿ ನಿಮ್ಮನ್ನ ಪಲ್ಲಂಗದ ಮ್ಯಾಲ ಕುಂದ್ರಸತಿದ್ಲು" ಎಂದು ಕೆಣಕುವಳು. ಅವರು, "ಆಕಿ ರೊಟ್ಟಿ ಒಂದಿನಕ್ಕ ಮುಗಿತದಬೇ. ನನ್ನ ರೊಟ್ಟಿ ಮೂರು ವರ್ಷ ಆಟೋ ಓಡಸತದ" ಎನ್ನುವರು.

ನಾನು ಬಿ.ಎಸ್ಸಿ. ಮುಗಿಸಿ ಕೆಲಸ ಸಿಗದೆ ಅಲ್ಲಿ ಎರಡು ವರ್ಷ ಇದ್ದೆ. ಓದಿದವನೆಂದು ಮಿಸ್ತ್ರಿ ನನ್ನನ್ನು ಅಂದೇ ಮಾಸ್ತರ ಅನ್ನುತ್ತಿದ್ದರು. ಆಮೇಲೆ ನಿಜವಾಗಿಯೂ ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರನಾದೆ. ಅದೂ ವಿಜ್ಞಾನಕ್ಕೆ.

ದಿನಾ ಹನ್ನೊಂದಕ್ಕೆ ಬೆಲ್ಲ. ದೂಳಿನಲ್ಲಿ ಕೆಲಸ ಮಾಡುವವರಿಗೆ ಬೆಲ್ಲ ಕೊಟ್ಟರೆ ಎದೆಯ ದೂಳೆಲ್ಲ ಕೆಳಗಿಳಿದು ಹೋಗುತ್ತದೆ ಎಂಬುದು ಗಿರಣಿಯಿಂದ ಹಿಡಿದು ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯವರೆಗೆ ನಮ್ಮ ಕಡೆಯ ನಂಬಿಕೆ. ಸಾವ್ಕಾರ ತಪ್ಪದೆ ಕೊಡುತ್ತಿದ್ದ ರಕ್ಷಣಾ ಸಾಮಗ್ರಿ ಅದೊಂದೇ: ತಿಂಗಳಿಗೊಂದು ಬೆಲ್ಲದ ಪೆಂಟಿ. ಮಿಸ್ತ್ರಿ ಅದನ್ನು ಪ್ಲೇಟು ಬಡಿಯುವ ಕಲ್ಲಿನ ಮೇಲೆಯೇ ಇಟ್ಟು ಒಡೆಯುವರು. ನಾದುತ್ತಿದ್ದ ಕೈಯನ್ನು ಲುಂಗಿಗೆ ಒರೆಸಿಕೊಂಡು ಒಬ್ಬೊಬ್ಬರ ಅಂಗೈಗೆ ಒಂದೊಂದು ತುಂಡು ಇಡುವರು. ದೊಡ್ಡ ತುಂಡು ಯಾವಾಗಲೂ ಮಟಮಾರಿಯವಳಿಗೆ. "ಇಕಿ ಬಸ್ಸಿನ ದೂಳೂ ಕುಡದು ಬಂದಿರತಾಳ." ತುಂಡಿನ ಅಂಚಿಗೆ ಅವರ ಉಗುರಿನ ಕೆಂಪು ಹತ್ತಿರುತ್ತಿತ್ತು. ನಾವು ಅದನ್ನು ನೋಡುತ್ತಲೇ ತಿನ್ನುತ್ತಿದ್ದೆವು. ಅವರ ಕೈಯ ಬೆಲ್ಲಕ್ಕೆ ಬೇರೆಯೇ ರುಚಿ ಎಂದು ಹೊಗಳುತ್ತಲೂ ಇದ್ದೆವು. ಸೀಸ ನಾಲಗೆಗೆ ತುಸು ಸಿಹಿ ಎಂದು ಬಹಳ ವರ್ಷಗಳ ಮೇಲೆ ಓದಿದೆ.

ಒಂದು ದಿನ ತಪಾಸಣೆಯವರೊಬ್ಬರು ಬಂದು, ಶೆಡ್ಡಿನ ಬಾಗಿಲಲ್ಲೇ ನಿಂತು, ಒಂದು ಕಾಗದ ಕೊಟ್ಟು ಹೋದರು. ಸೀಸದೊಂದಿಗೆ ಕೆಲಸ ಮಾಡುವಾಗ ಪಾಲಿಸಬೇಕಾದ ನಿಯಮಗಳು. ಸಾವ್ಕಾರ ಗೋಡೆಗೆ ಹಚ್ಚಲು ಹೇಳಿದ. ಓದು ಬಾರದ ಮಿಸ್ತ್ರಿ ಒಪ್ಪಲಿಲ್ಲ. "ಗ್ವಾಡಿಗೆ ಓದಾಕ ಬರತದೇನು? ಮಾಸ್ತರ, ನೀ ಓದು. ಓದಿದ್ದಕ್ಕ ಗುರುತು ಹಾಕ್ಕೋತ ಹೋಗು. ಎಷ್ಟು ನೆನಪಿಡಬೇಕು ಅನ್ನೋದು ನನಗ ತಿಳೀಲಿ." ನಾನು ಓದಿದೆ, ಪೆನ್ಸಿಲಿನಿಂದ ಗುರುತು ಹಾಕಿದೆ. ಅವರು ಹೆಬ್ಬೆರಳಿನಿಂದ ಉಳಿದ ಬೆರಳುಗಳನ್ನು ಮುಟ್ಟುತ್ತ ಎಣಿಸಿದರು. ಒಂದು ಕೈಗೆ ನಾಲ್ಕು, ಇನ್ನೊಂದಕ್ಕೆ ನಾಲ್ಕು. "ಎಂಟು. ಚಲೋ ಆತು, ಎರಡು ಕೈಗೂ ಸಮ ಬಂತು."

ಆ ಎಂಟನ್ನು ಅವರು ಪಾಲಿಸಿದ ರೀತಿ! ಮರುದಿನವೇ ಪೊರಕೆಯನ್ನು ಹೊರಗೆ ಎಸೆದರು, ನೆಲವನ್ನು ಒದ್ದೆ ಗೋಣಿಯಿಂದ ಒರೆಸಿದರು. ಪುಡಿಯ ಡಬ್ಬಿಗೆ ಮುಚ್ಚಳ. ಸೀಸ ಕರಗಿಸುವ ಬಾನಿ ಶೆಡ್ಡಿನ ಹೊರಗೆ. ಮೂಗಿಗೆ ಬಟ್ಟೆ. ಮೂವತ್ತು ವರ್ಷದ ಬೀಡಿ ಒಂದೇ ದಿನಕ್ಕೆ ಬಂದ್. ಕೆಲಸದ ಅಂಗಿ ಮೊಳೆಗೆ, ಸ್ನಾನ ನಳದ ಕೆಳಗೆ, ಆಮೇಲೆ ಮನೆ. ಬುತ್ತಿ ತರುತ್ತಿದ್ದ ಮೊಮ್ಮಗಳಿಗೆ ಗೇಟಿನಲ್ಲೇ ತಡೆ. ಸಂಜೆ ಹೊರಡುವಾಗ ಬೆರಳು ಮುಟ್ಟಿ ಎಣಿಸಿ, "ಎಂಟೂ ಆದ್ವು, ನಡೀರಿ" ಎನ್ನುವರು. ಮಟಮಾರಿಯವಳು, "ಜಪಮಣಿ ಮುಗೀತೇನ್ರಿ ಅಜ್ಜಾವ್ರ?" ಎಂದು ಕಾಲು ಮುಟ್ಟುವ ನಾಟಕ ಮಾಡುವಳು.

ನಾನು ತರಗತಿಯಲ್ಲಿ ಸೀಸದ ಪಾಠ ಬಂದಾಗಲೆಲ್ಲ ಹೇಳುತ್ತಿದ್ದ ಕಥೆ ಬೇರೆ. ಕೆಲಸದ ಜಾಗದಲ್ಲಿ ಏನನ್ನೂ ತಿನ್ನಬಾರದು, ಸಾಬೂನಿನಿಂದ ಕೈ ತೊಳೆಯದೆ ಯಾವುದನ್ನೂ ಬಾಯಿಗೆ ಹಾಕಬಾರದು ಎಂದು ನಾನು ಓದಿ ಹೇಳಿದೆ, ಮಿಸ್ತ್ರಿ "ಬೆಲ್ಲಕ್ಕೂ ಕಾಯ್ದೆ ಏನಲೇ?" ಎಂದು ಎಲ್ಲರನ್ನೂ ನಗಿಸಿದರು ಎಂದು. ಕಥೆಯ ಕೊನೆಗೆ ಮಕ್ಕಳಿಗೆ ಅಜ್ಞಾನದ ಬಗ್ಗೆ ಎರಡು ಮಾತು. ನನಗೆ ಆ ನಗು ಕೇಳಿಸುತ್ತಿತ್ತು, ತಗಡಿಗೆ ಬಡಿದು ಮರಳಿ ಬಂದದ್ದೂ ಕೇಳಿಸುತ್ತಿತ್ತು.

ಅವರ ಕೈ ಬಿದ್ದ ಸುದ್ದಿ ತಿಳಿದು ನೋಡಲು ಹೋದೆ. ಅವರು ಕೆಲಸ ಬಿಟ್ಟು ತಮ್ಮ ಹುಟ್ಟೂರು ದೇವದುರ್ಗಕ್ಕೆ ಮರಳಿದ್ದರು. ಮೊದಲು ಹೊಟ್ಟೆಶೂಲೆ, ಆಮೇಲೆ ಕೈ, ಈಗ ಮೂತ್ರಪಿಂಡ. ರಕ್ತದಲ್ಲಿ ಸೀಸ ಇದೆ, ವಸಡಿನ ನೀಲಿ ಗೆರೆಯೂ ಅದರದೇ ಎಂದು ಡಾಕ್ಟರು ಹೇಳಿದ್ದರು. ಸಾವ್ಕಾರನನ್ನು ಕೇಳಿದರೆ, "ಗಾಳ್ಯಾಗ ಬಂದಿರಬೇಕು" ಎಂದನಂತೆ.

ಅವರ ಹೆಂಡತಿ ದೇವರ ಪಟದ ಹಿಂದಿನಿಂದ ಪ್ಲಾಸ್ಟಿಕ್ ಚೀಲವೊಂದನ್ನು ತಂದರು. ರೇಷನ್ ಕಾರ್ಡಿನ ಜೊತೆಗೆ ಆ ಕಾಗದ, ನಾಲ್ಕು ಮಡಿಕೆ. "ಓದು, ಮಾಸ್ತರ" ಎಂದರು ಮಿಸ್ತ್ರಿ. "ಎಲ್ಲೆರ ಒಂದು ತಪ್ಪೀನೇನು ನೋಡೂಣು."

ಬಿಚ್ಚಿದೆ. ನಿಯಮಗಳು ಒಂಬತ್ತು ಇದ್ದವು. ಮೇಲೆ ನಾಲ್ಕು ಗುರುತು, ಕೆಳಗೆ ನಾಲ್ಕು. ಐದನೆಯದು ಬರಿದು.

ಐದನೆಯದು ಯಾವುದೆಂದು ಹೇಳಬೇಕಾಗಿಲ್ಲ.

ಅದರ ಅಂಚಿನಲ್ಲಿ ಕಂದು ಬಣ್ಣದ ಅಂಟು ಕಲೆಯೊಂದಿತ್ತು. ಆಗ ನೆನಪಾಯಿತು, ಅಥವಾ ಕಲೆಯನ್ನು ನೋಡಿ ನೆನಪನ್ನು ಕಟ್ಟಿಕೊಂಡೆ: ನಾಲ್ಕು ಓದುವಷ್ಟರಲ್ಲಿ ಹನ್ನೊಂದು ಆಗಿತ್ತು, ಮಿಸ್ತ್ರಿ ಓದುವವನಿಗೆ ಮೊದಲು ಎಂದು ನನ್ನ ಕೈಗೆ ಬೆಲ್ಲ ಇಟ್ಟಿದ್ದರು. ಬಾಯಲ್ಲಿ ಬೆಲ್ಲವಿತ್ತು. ಕಣ್ಣು ಐದನೆಯದನ್ನು ಓದಿತು. ಎದುರಿಗೆ ಅವರು, ಇನ್ನೊಬ್ಬರ ಅಂಗೈಗೆ ತುಂಡು ಇಡುತ್ತಿದ್ದರು. ನಾನು ನುಂಗಿದೆ, ಆರನೆಯದನ್ನು ಓದಿದೆ. ಮರ್ಯಾದೆಗೆ ಬಿಟ್ಟೆನೋ, ಬೆಲ್ಲದ ಆಸೆಗೆ ಬಿಟ್ಟೆನೋ, ಬಾಯಿ ತುಂಬಿದ್ದಕ್ಕೆ ಬಿಟ್ಟೆನೋ. ಮೂರರಲ್ಲಿ ಮೊದಲನೆಯದನ್ನು ಆರಿಸಿಕೊಳ್ಳಲು ಮನಸ್ಸು ತುದಿಗಾಲಲ್ಲಿ ನಿಂತಿದೆ. ಅದಕ್ಕೇ ಅದನ್ನು ನಂಬುವುದಿಲ್ಲ. ಯಾರೂ ನಕ್ಕಿರಲಿಲ್ಲ ಎಂಬುದೊಂದು ನಿಜ. ನಗಲು ನಾನು ಏನನ್ನೂ ಓದಿರಲಿಲ್ಲ.

"ಯಾಕ ನಿಂತಿ? ಚಷ್ಮಾ ಮರತು ಬಂದೀಯೇನು?"

ಗಟ್ಟಿಯಾಗಿ ಓದುತ್ತ ನಾಲ್ಕನೆಯದನ್ನು ಮುಗಿಸಿ ನಿಂತಿದ್ದೆ. ಐದನ್ನು ಓದಿದರೆ, ಹನ್ನೊಂದಕ್ಕೆ ಎಲ್ಲರ ಕೈಗೂ ತಾವು ಏನು ಇಟ್ಟೆವೆಂದು ಅವರಿಗೆ ತಿಳಿದುಹೋಗುತ್ತದೆ. ಆರಕ್ಕೆ ಹೋದೆ. ಅವರಿಗೆ ಬೆರಳು ಎತ್ತಲಾಗುತ್ತಿರಲಿಲ್ಲ. ಹೆಂಡತಿ ಆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಎಣಿಸಿದರು.

"ಎಂಟು" ಎಂದರು ಮಿಸ್ತ್ರಿ. "ಎಂಟೂ ಮಾಡೀನಿ. ಒಂದೂ ಬಿಟ್ಟಿಲ್ಲ. ಮತ್ತ ಇದು ಎಲ್ಲಿಂದ ಒಳಗ ಹೋತಲೇ ಮಾಸ್ತರ? ನೀ ಓದಿದಾಂವ, ಹೇಳು."

"ಗಾಳ್ಯಾಗ ಬಂದಿರಬೇಕು" ಎಂದೆ.

ಸಾವ್ಕಾರನ ಮಾತು, ಸಾವ್ಕಾರನ ದನಿಯಲ್ಲೇ. ಮಿಸ್ತ್ರಿ ತಲೆಯಾಡಿಸಿದರು. ಸಾವ್ಕಾರ ಹೇಳಿದಾಗ ನಂಬಿರಲಿಲ್ಲವಂತೆ. ನಾನು ಹೇಳಿದ್ದಕ್ಕೆ ನಂಬಿದರು.

ಎರಡು ತಿಂಗಳಲ್ಲಿ ಹೋದರು. ಮಣ್ಣು ಮುಗಿದ ಮೇಲೆ ಅವರ ಹೆಂಡತಿ ಕಾಗದವನ್ನು ನನ್ನ ಕೈಗಿಟ್ಟರು. "ನಿನ್ನ ಗುರುತು ಅದಾವ ಇದರಾಗ, ನೀನ ಇಟ್ಕೋಯಪ್ಪಾ. ಮೊಮ್ಮಗಳಿಗೆ ಏನೂ ಆಗಿಲ್ಲಂತ, ರಕ್ತ ತಗದು ನೋಡ್ಯಾರ. ನೀ ಓದಿ ಹೇಳಿದ್ದಕ್ಕ ಉಳೀತು ಕೂಸು" ಎಂದು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ನಾನು ಕೈ ಎಳೆದುಕೊಳ್ಳಲಿಲ್ಲ.

ಅಲ್ಲಿಂದ ನೇರವಾಗಿ ರಾಯಚೂರಿನ ಬಸ್ಸು ಹತ್ತಿದೆ ಎಂದು ಬರೆಯಬೇಕೆನಿಸುತ್ತಿದೆ. ಹೋದದ್ದು ಹದಿನೇಳು ದಿನದ ಮೇಲೆ, ರಜೆ ನೋಡಿಕೊಂಡು.

ಶೆಡ್ಡು ಹಾಗೆಯೇ ಇತ್ತು. ನೆಲ ಒದ್ದೆ, ಡಬ್ಬಿಗೆ ಮುಚ್ಚಳ, ಮೊಳೆಗೆ ಅಂಗಿಗಳು. ಹನ್ನೊಂದಾಗಿತ್ತು. ಕಲ್ಲಿನ ಮುಂದೆ ಕೂತು ಬೆಲ್ಲ ಒಡೆಯುತ್ತಿದ್ದವಳು ಮಟಮಾರಿಯವಳು. ಮುಖ ಬಿಳಿಚಿತ್ತು. ಹೊಟ್ಟೆ ಆಗಾಗ ಹಿಂಡುತ್ತದೆ ಎಂದಳು, ಕೇಳದೆಯೇ. "ಬರ್ರಿ ಮಾಸ್ತರ, ತಗೋರಿ. ಮಿಸ್ತ್ರಿ ಕೈಯಾನ ರುಚಿ ಮಾತ್ರ ಬರಾಂಗಿಲ್ಲ ನೋಡ್ರಿ."

ಕಾಗದ ಬಿಚ್ಚಿ ಐದನೆಯದನ್ನು ಓದಿದೆ. ಒಂದೇ ಉಸಿರಿಗೆ, ಪೂರ್ತಿ. ಬೆಲ್ಲವೇ ದಾರಿ ಎಂದೆ. ಊರಿಗೆ ಹೋಗುವ ಮೊದಲು ಆಸ್ಪತ್ರೆಗೆ ಹೋಗೋಣ, ರಕ್ತ ತೋರಿಸೋಣ ಎಂದೆ.

ಅವಳು ಒಡೆದ ತುಂಡುಗಳನ್ನು ಕಲ್ಲಿನ ಒಂದು ಬದಿಗೆ ಸರಿಸಿದಳು. "ಮಿಸ್ತ್ರಿ ಹೇಳಿಕೊಟ್ಟಿದ್ದು ಎಂಟ್ರಿ. ನಾವು ಎಂಟೂ ಮಾಡಾಕತ್ತೀವಿ."

"ಒಂಬತ್ತು ಅದಾವ. ನಾನು ಒಂದು ಬಿಟ್ಟಿದ್ದೆ."

ಕಾಗದವನ್ನು ಕಿತ್ತುಕೊಂಡಳು. ಓದು ಬಾರದವಳು, ಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದಳು. ಬೆರಳಿನ ಕೆಂಪು ಒಂದೊಂದರ ಪಕ್ಕಕ್ಕೂ ಹತ್ತುತ್ತ ಹೋಯಿತು. "ಎಂಟ ಅದಾವಲ್ಲ. ಎಣಿಸ್ರಿ ಬೇಕಾದ್ರ."

ಜೇಬಿನಿಂದ ಪೆನ್ನು ತೆಗೆದು ಐದನೆಯದರ ಮುಂದೆ ಗುರುತು ಹಾಕಿದೆ.

"ಅದು ಈಗ ಹಾಕಿದ್ರಿ" ಎಂದಳು. ಸಿಟ್ಟಿರಲಿಲ್ಲ, ಮಗುವಿಗೆ ತಿಳಿಸಿ ಹೇಳುವ ದನಿ. "ಸತ್ತವರ ಮಾತಿನಾಗ ನಿಮ್ಮದೊಂದು ಸೇರಸಬ್ಯಾಡ್ರಿ, ಮಾಸ್ತರ. ಅವ್ರ ಬೆಲ್ಲಕ್ಕ ಕೆಟ್ಟ ಹೆಸರಿಡಬ್ಯಾಡ್ರಿ."

ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ಇದ್ದುದರಲ್ಲಿ ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡಳು.