ಮೂರೇ ಸಾಲಿನ ಹಲಗೆ

ಅವರ ಬಲಗೈಯಲ್ಲಿ ಕಿರುಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ದಪ್ಪಗಾಗಿ, ನೊಗ ಹೊತ್ತ ಎತ್ತಿನ ಹೆಗಲಿನ ಹಾಗೆ ಹೊಳೆಯುತ್ತಿತ್ತು. ಒಕ್ಕಲುತನ ಮಾಡುವವರಿಗೆ ಅಂಗೈಯೊಳಗೆ ಜಡ್ಡು ಕಟ್ಟುತ್ತದೆ, ಬರೆಯುವವರಿಗೆ ನಡುಬೆರಳಿಗೆ. ಮಾಸ್ತರರ ಜಡ್ಡು ಅಳಿಸಿ ಅಳಿಸಿ ಬಂದದ್ದು.

ಅವರ ಹತ್ತಿರ ಒಂದು ಹಲಗೆ ಇತ್ತು. ಮೊಳ ಅಗಲ, ಒಂದೂವರೆ ಮೊಳ ಉದ್ದ, ಸುತ್ತಲೂ ಬೆರಳು ದಪ್ಪದ ಅಂಚು. ಅದರ ಮೇಲೆ ಉಸುಕು ಹರವಿ ಬೆರಳಿನಿಂದ ಲೆಕ್ಕ ಬಿಡಿಸುತ್ತಿದ್ದರು. ಸಿಕ್ಕ ಉಸುಕೆಲ್ಲ ನಡೆಯುತ್ತಿರಲಿಲ್ಲ. ಹೊಳೆ ಇಳಿದ ಮೇಲೆ ವರ್ಷಕ್ಕೊಮ್ಮೆ ಸೊನ್ನ ಎಂಬ ಊರಿಗೆ ನಡೆದು ಹೋಗಿ, ಭೀಮೆಯ ದಂಡೆಯಿಂದ ಒಂದು ಚೀಲ ಹೊತ್ತು ತಂದು, ಹೆಂಡತಿಯ ಹಿಟ್ಟಿನ ಜರಡಿಯಲ್ಲಿ ಸೋಸುತ್ತಿದ್ದರು. ಆಮೇಲೆ ಎರಡು ದಿನ ರೊಟ್ಟಿ ಕರಕರ ಅನ್ನುತ್ತಿದ್ದುದು ಅವರ ಮನೆಗೆ ಹೋಗಿ ಬರುವವರಿಗೆಲ್ಲ ಗೊತ್ತು. ಯುದ್ಧದ ಕಾಲ. ಅಫಜಲಪುರದಂಥ ಊರಲ್ಲಿ ಬಿಳಿ ಕಾಗದ ಕಣ್ಣಿಗೆ ಹಚ್ಚಿಕೊಳ್ಳಲೂ ಸಿಗುತ್ತಿರಲಿಲ್ಲ.

ಆ ಹಲಗೆಯಲ್ಲಿ ಮೂರೇ ಸಾಲು ಹಿಡಿಯುತ್ತಿದ್ದವು. ನಾಲ್ಕನೆಯದು ಬೇಕಾದರೆ ಮೊದಲನೆಯದನ್ನು ಅಳಿಸಬೇಕು. ಹೀಗೆ ಬರೆಯುತ್ತ, ಕೈಯ ಬದಿಯಿಂದ ಸವರುತ್ತ, ಮತ್ತೆ ಬರೆಯುತ್ತ ಅವರು ಎಷ್ಟು ಉದ್ದದ ಲೆಕ್ಕವನ್ನಾದರೂ ದಡ ಮುಟ್ಟಿಸುತ್ತಿದ್ದರು. “ಹಿಂದಿನ ಸಾಲ ಹಿಡಕೊಂಡು ಕುಂತ್ರ ಮುಂದಿನದು ಬರಂಗಿಲ್ಲ ತಮ್ಮಾ” ಎನ್ನುವರು. ನಾನು ಹಿಂದಿನದನ್ನು ಹಿಡಿದುಕೊಂಡೇ ಹುಟ್ಟಿದವನು. ಈಗ ಐವತ್ತರ ಹತ್ತಿರ ಬಂದರೂ ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಬೀದಿಯ ಕೊನೆ ಮುಟ್ಟಿದ ಮೇಲೆ, ಜಗ್ಗಿದ್ದರಿಂದಲೇ ಸಡಿಲಾಯಿತೇನೋ ಎಂದು ತಿರುಗಿ ಬರುತ್ತೇನೆ.

ನಮ್ಮೂರು ಗೊಬ್ಬೂರ. ಅಫಜಲಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಅಲ್ಲಿದ್ದಷ್ಟು ತರಗತಿ ಓದಿ ಮುಗಿಸಿದ್ದೆ. ಮುಂದೆ ಕಲಬುರ್ಗಿಯಲ್ಲಿಟ್ಟು ಓದಿಸುವ ಶಕ್ತಿ ಅಪ್ಪನಿಗಿರಲಿಲ್ಲ. ಖಾಸಗಿಯಾಗಿ ಮೆಟ್ರಿಕ್ಕಿಗೆ ಕಟ್ಟು ಎಂದವರು ಮಾಸ್ತರರೇ. “ನಾನೂ ಕಟ್ಟಾಂವ ಇದ್ದೇನಿ. ಇಬ್ರೂ ಕೂಡೇ ಓದೋಣು” ಎಂದರು. ನನಗೆ ನಗು ಬಂತು, ನಗಲಿಲ್ಲ. ಅಫಜಲಪುರದ ಹಿರಿ ಹುಡುಗರಿಗೆಲ್ಲ ಬೀಜಗಣಿತ ಕಲಿಸಿದ ಮನುಷ್ಯ ಮೆಟ್ರಿಕ್ ಪಾಸಾಗಿರಲಿಲ್ಲ. ಐದು ಸಲ ಕೂತಿದ್ದರು. ಉರ್ದು ಪಾಸು, ಇತಿಹಾಸ ಪಾಸು, ಐದು ಸಲವೂ ಗಣಿತದಲ್ಲಿ ನಪಾಸು. ಮೀನಿಗೆ ಈಜು ಬರುವುದಿಲ್ಲ ಎಂದು ಸರಕಾರ ಐದು ಸಲ ಬರೆದು ಕೊಟ್ಟಂತಿತ್ತು.

ಅದು ಆರನೆಯ ಸಲ, ಮತ್ತು ಕೊನೆಯದು. ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ಕೇಳಿ ಮೆಚ್ಚಿ, ಕೈ ಕುಲುಕಿ, ಆಮೇಲೆ ಬಹಳ ಸಂಕೋಚದಿಂದ ಹೇಳಿದ್ದರು: ಬರುವ ವರ್ಷ ಸರ್ಟಿಫಿಕೇಟು ತೋರಿಸದಿದ್ದರೆ ಆ ಜಾಗಕ್ಕೆ ಮೆಟ್ರಿಕ್ ಆದವರನ್ನು ಹಾಕಬೇಕಾಗುತ್ತದೆ. ಮಾಸ್ತರರಿಗೆ ಆಗ ನಲವತ್ತು ದಾಟಿತ್ತು. ಆಳಂದ ಸೀಮೆಯ ಸರಸಂಬಾದಲ್ಲಿ ಅಣ್ಣಂದಿರ ಪಾಲಿನಲ್ಲಿ ಒಂದಿಷ್ಟು ಹೊಲ. ಕುಂಟೆ ಹಿಡಿದರೆ ಎತ್ತುಗಳೇ ಅವರನ್ನು ನಡೆಸುತ್ತಿದ್ದವು ಎಂದು ಅವರೇ ಹೇಳಿಕೊಳ್ಳುವರು. ಕಲಿಸುವುದು ಬಿಟ್ಟರೆ ಅವರಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ಆಗ ನಿಜಾಮಶಾಹಿ, ನಮ್ಮ ಪುಸ್ತಕ ಉರ್ದುವಿನದು. ಗೊತ್ತಿಲ್ಲದ ಸಂಖ್ಯೆಗೆ ಅದರಲ್ಲಿ ‘ಲಾ’ ಎಂದು ಹೆಸರು. ಮಾಸ್ತರರು ಓದುವುದು ಉರ್ದುವಿನಲ್ಲಿ, ತಿಳಿಸುವುದು ನಮ್ಮ ಮಾತಿನಲ್ಲಿ. ಸೂತ್ರ ತಿರುಗಿಸುವುದನ್ನು ಹೀಗೆ ಕಲಿಸಿದರು: “ಲಾ ಅನ್ನಾಕಿ ಬಾಣಂತಿ ಇದ್ದಂಗ. ಆಕಿನ್ನ ಒಬ್ಬಾಕಿನ್ನs ಖೋಲ್ಯಾಗ ಬಿಡಬೇಕು. ಉಳಿದವ್ರನ್ನ ಒಬ್ಬೊಬ್ಬರನ್ನs ಹೊರಗ ಕಳಸು. ಹೊಸ್ತಿಲಾ ದಾಟೂಮುಂದ ಎಲ್ಲಾರೂ ಅಂಗಿ ತಿರುವಿ ಹಾಕ್ಕೋಬೇಕು. ಕೂಡಿಸಾಂವ ಕಳಿಯಾಂವ ಆಗ್ತಾನ, ಗುಣಿಸಾಂವ ಭಾಗಿಸಾಂವ ಆಗ್ತಾನ.”

ಅಪವರ್ತನಕ್ಕೆ ಬೇರೆ ಮಾತು. ಲಾ ವರ್ಗ, ಐದು ಲಾ, ಆರು ಎಂದು ಉಸುಕಿನಲ್ಲಿ ಬರೆದು, “ಎರಡು ಅಂಕಿ ಹುಡುಕು. ಕೂಡಿದ್ರ ಐದು ಆಗಬೇಕು, ಗುಣಿಸಿದ್ರ ಆರು” ಎನ್ನುವರು. ನಾನು ಒಂದು ಮತ್ತು ನಾಲ್ಕು ಎಂದೆ.

“ಗುಣಿಸಿ ನೋಡಿದ್ಯಾ?”

“ಇಲ್ರಿ.”

“ಮತ್ತ? ಬೀಗತನ ಮಾಡಾಕ ಹೋದಾಗ ಬರೇ ಮನಿ ನೋಡಿ ಬರ್ತಾರೇನಲೇ? ಮನಿನೂ ಹೊಂದಬೇಕು, ಮಂದಿನೂ ಹೊಂದಬೇಕು.”

ಒಳಗಿನಿಂದ ಅವರ ಹೆಂಡತಿ, “ನಮ್ಮಪ್ಪ ಎರಡೂ ನೋಡ್ಲಿಲ್ಲ ನೋಡು ತಮ್ಮಾ, ಉಸುಕು ನೋಡಿ ಕೊಟ್ಟ” ಎಂದರು. ಮಾಸ್ತರರು ಮೊದಲ ಸಾಲು ಅಳಿಸಿದರು.

ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ನನಗೆ ಬೇರೊಂದು ಚಿಂತೆ ಹತ್ತಿತು. ಉಸುಕಿನಲ್ಲಿ ಬರುವುದು ಕಾಗದದಲ್ಲಿ ಬಾರದಿದ್ದರೆ? ಅತ್ತೆಯ ಕಾಲು ಹಿಡಿದು, ಅವರ ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ನಾಲ್ಕು ಹಾಳೆ ಪಡೆದು ತಂದೆ. ಮಾಸ್ತರರು ಟಾಕನ್ನು ಮಸಿಯಲ್ಲಿ ಅದ್ದಿ, ನನಗೆ ತೋರಿಸಲೆಂದು ಒಂದು ಲೆಕ್ಕ ಬಿಡಿಸತೊಡಗಿದರು. ಒಂದು ಸಾಲು. ಎರಡು. ಮೂರು. ನಾಲ್ಕನೆಯದಕ್ಕೆ ಮೊದಲು ಅವರ ಕೈ, ಅವರನ್ನು ಕೇಳದೆಯೇ ಮೇಲಕ್ಕೆ ಹೋಗಿ, ಹಸಿ ಮಸಿಯ ಮೊದಲ ಸಾಲನ್ನು ಬದಿಯಿಂದ ನೀಟಾಗಿ ಸವರಿತು. ಅವರು ಮುಂದೆ ಬರೆಯುತ್ತಲೇ ಇದ್ದರು. ಲೆಕ್ಕ ಮುಗಿದಾಗ ಉತ್ತರ ಸರಿಯಾಗಿತ್ತು. ಅದರ ಮೇಲೆ ಬರೀ ನೀಲಿ ಕೆಸರು.

“ಮಾಸ್ತರ್ರಿ, ಅಳಿಸೀರಿ” ಎಂದೆ.

ಅವರು ಹಾಳೆ ನೋಡಿದರು, ಕೈ ತಿರುಗಿಸಿ ಜಡ್ಡು ನೋಡಿದರು. “ಪ್ರತಿ ಸಲ ಪರೀಕ್ಷಾದಾಗ ಕೈ ನೀಲಿ ಆಗ್ತಿತ್ತು” ಎಂದರು. “ಟಾಕು ಸೋರತಾದ ಅಂತ ತಿಳಕೊಂಡಿದ್ದೆ. ಮೂರು ಟಾಕು ಬದಲಿ ಮಾಡೇನಿ.”

ಕಾರಣ ಸಿಕ್ಕಿತಲ್ಲ, ಇನ್ನು ಸಲೀಸು ಎಂದುಕೊಂಡೆ. ಆಗಲಿಲ್ಲ. ಅಳಿಸಬಾರದು ಎಂದು ನೆನಪಿಟ್ಟರೆ ಲೆಕ್ಕ ಮರೆಯುತ್ತಿತ್ತು, ಲೆಕ್ಕದೊಳಗೆ ಇಳಿದರೆ ಕೈ ಮರೆಯುತ್ತಿತ್ತು. ಕೈ ಸವರಿದಾಗಲೇ ಮುಂದಿನ ಸಾಲು ಹೊಳೆಯುವುದು ಅವರಿಗೆ ರೂಢಿ. ಆಗ ನಾನು, ಚಿಂತೆ ಮಾಡುವವರಿಗೆ ಆಗಾಗ ಹೊಳೆಯುವಂಥ ಒಂದು ಉಪಾಯ ತೆಗೆದೆ. ಕೈಗೆ ಅರಿವೆ ಸುತ್ತಿ, ಜಡ್ಡಿನ ಮೇಲೆ ಬರುವಂತೆ ಒಳಗೆ ಎರಡು ಹುಣಸೆ ಬೀಜ ಇಟ್ಟು ಕಟ್ಟುವುದು. ಸವರಲು ಹೋದರೆ ಬೀಜ ಒತ್ತುತ್ತದೆ, ಒತ್ತಿದರೆ ಎಚ್ಚರವಾಗುತ್ತದೆ. ಅವರ ಹೆಂಡತಿಯ ಹಳೆ ಸೀರೆಯ ಸೆರಗಿನಿಂದ ಒಂದು ತುಂಡು ಬಂತು. ಯಾಕೆಂದು ಅವರು ಕೇಳಲಿಲ್ಲ. ಉಸುಕಿಗೆ ಜರಡಿ ಕೊಟ್ಟವರು ಅರಿವೆಗೆ ಯಾಕೆ ಕೇಳಿಯಾರು?

ಹನ್ನೊಂದು ದಿನ ಅವರು ಒಮ್ಮೆಯೂ ಅಳಿಸಲಿಲ್ಲ. ನಾಲ್ಕು ಹಾಳೆಗಳ ಎರಡೂ ಬದಿ ತುಂಬಿ, ಅಂಚು ತುಂಬಿ, ಬರೆದುದರ ಮೇಲೆ ಅಡ್ಡ ಬರೆದರು. ಹನ್ನೊಂದನೆಯ ದಿನ, “ತಮ್ಮಾ, ನಿನ್ನ ಬೀಜ ಮೊಳಕಿ ಒಡೀತಾವ ಕಾಣ್ತದ” ಎಂದು ನಕ್ಕರು. ಅವರನ್ನು ಅಷ್ಟು ಹಗುರಾಗಿ ನಾನು ಮತ್ತೆ ನೋಡಲಿಲ್ಲ.

ಕಲಬುರ್ಗಿಯ ಪರೀಕ್ಷಾ ಕೋಣೆಯಲ್ಲಿ ಅವರು ನನಗಿಂತ ಎರಡು ಬೆಂಚು ಮುಂದೆ ಕೂತಿದ್ದರು. ಸುತ್ತ ಮೀಸೆ ಚಿಗುರುವ ಹುಡುಗರು, ನಡುವೆ ಪಟಗ ಸುತ್ತಿದ ಒಂದು ತಲೆ. ಗಣಿತದ ಪ್ರಶ್ನೆಪತ್ರಿಕೆ ನೋಡಿದೆ. ಮೊದಲ ಪುಟದಲ್ಲಿ ನಮ್ಮ ಹಲಗೆಯ ಮೇಲೆ ಬಾರದ ಲೆಕ್ಕ ಒಂದೂ ಇರಲಿಲ್ಲ. ಅವರ ಬೆನ್ನು ಬಗ್ಗಿತು, ಟಾಕು ನಡೆಯಿತು. ಅರ್ಧ ತಾಸು ಎಲ್ಲವೂ ಸರಿಯಾಗಿತ್ತು, ಆದ್ದರಿಂದ ನನಗೆ ಭಯವಾಗತೊಡಗಿತು.

ಮೇಲ್ವಿಚಾರಕರು ವಯಸ್ಸಾದವರು, ಒಳ್ಳೆಯವರು. ಸಾಲುಗಳ ನಡುವೆ ಬರುತ್ತ ಮಾಸ್ತರರ ಪಕ್ಕ ನಿಂತರು.

“ಹಾತ್ ಕು ಕ್ಯಾ ಹುವಾ?” ಕೈಗೇನಾಯಿತು ಎಂದು ಕೇಳಿದರು.

ಮಾಸ್ತರರು ನಿಜ ಹೇಳಬಹುದಿತ್ತು. ನಿಜ ಹೇಳಿದರೆ, ಇದನ್ನು ಯಾರು ಕಟ್ಟಿದರು ಎಂಬ ಪ್ರಶ್ನೆ ಬರುತ್ತಿತ್ತು. ಕಟ್ಟಿದವನು ಎರಡು ಬೆಂಚು ಹಿಂದೆ ಇದ್ದ, ಅದೇ ಬೆಳಿಗ್ಗೆ ಬಾಗಿಲ ಬಳಿ ಗಂಟು ಬಿಗಿಮಾಡಿದ್ದ. ಅವರು ನನ್ನ ಕಡೆ ತಿರುಗಲಿಲ್ಲ.

“ಗಾಯ ಆಗ್ಯಾದ್ರಿ ಸಾಹೇಬರ” ಎಂದರು.

ನನಗೆ ಗೊತ್ತಿದ್ದಂತೆ ಅದು ಅವರು ಹೇಳಿದ ಮೊದಲ ಸುಳ್ಳು, ಮೊದಲ ಸುಳ್ಳಿನ ಹಾಗೆಯೇ ಕೇಳಿಸಿತು. ಸಾಹೇಬರು ಅರಿವೆ ಬಿಚ್ಚಲು ಹೇಳಿದರು. ಚೀಟಿ ಇರಬಹುದೆಂದು ಅವರ ಸಂಶಯ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಗಾಯವಿರಲಿಲ್ಲ. ಎರಡು ಹುಣಸೆ ಬೀಜ ಟಕ್ ಟಕ್ ಎಂದು ಬೆಂಚಿನ ಮೇಲೆ ಬಿದ್ದು, ಒಂದು ಉರುಳುತ್ತ ಕೆಳಗೆ ಹೋಯಿತು. ಹುಡುಗರೆಲ್ಲ ನಕ್ಕರು. ಸಾಹೇಬರು ಅರಿವೆಯನ್ನು ಎರಡೂ ಬದಿ ತಿರುಗಿಸಿ, ಬೀಜವನ್ನು ಬೆಳಕಿಗೆ ಹಿಡಿದು, ಏನೂ ತಿಳಿಯದೆ ಅರಿವೆ, ಬೀಜ ಎರಡನ್ನೂ ತಮ್ಮ ಜೇಬಿಗೆ ಹಾಕಿಕೊಂಡರು. ಬರೆಯಲು ಬಿಟ್ಟರು. ಆದರೆ ಆ ಬೆಂಚಿನ ಪಕ್ಕದಿಂದ ಕದಲಲಿಲ್ಲ.

ನಾನು ಏಳಲಿಲ್ಲ. ಎದ್ದು ಹೇಳಬೇಕಾದ ಮಾತನ್ನು ಉರ್ದುವಿನಲ್ಲಿ ಜೋಡಿಸುತ್ತಿದ್ದೆ; ಅದು ಪೂರ್ತಿಯಾಗುವ ಹೊತ್ತಿಗೆ ನಗು ನಿಂತಿತ್ತು, ಎಲ್ಲರೂ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಾಗ ಅವರ ಬಲಗೈ ಹಾಳೆಯ ಮೇಲ್ತುದಿಗೆ ಹೋಗಿ ಅಡ್ಡಕ್ಕೆ ಸವರಿದ್ದು ಕಂಡಿತು. ಮತ್ತೆ ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ.

ಹೊರಗೆ ಬೇವಿನ ಗಿಡದ ಕೆಳಗೆ ಅವರು ನೀಲಿ ಕೈಯನ್ನು ಮಣ್ಣಿನಲ್ಲಿ ತಿಕ್ಕಿಕೊಳ್ಳುತ್ತಿದ್ದರು.

“ನಾ ಎದ್ದು ಹೇಳಬೇಕಿತ್ರಿ” ಎಂದೆ.

“ಎದ್ದಿದ್ರ ಇಬ್ರೂ ಹೊರಗ ಬೀಳ್ತಿದ್ವಿ. ಹೆದರಿಕಿ ಇಬ್ರಿಗೂ ಇತ್ತು. ಇಬ್ರಾಗೂ ಇದ್ದದ್ದನ್ನ ಕಂಸದ ಹೊರಗ ತಗದಿಡಬೇಕು ಅಂತ ಕಲಿಸೇನಿಲ್ಲೋ? ತಗದಿಟ್ರ ಒಳಗ ಏನ್ ಉಳೀತದ? ನೀ ಬ್ಯಾರೆ, ನಾ ಬ್ಯಾರೆ.” ಆಮೇಲೆ ಕೇಳಿದರು, “ಆರನೇ ಲೆಕ್ಕಕ್ಕ ಏನ್ ಬಂತು ನಿಂಗ?”

ಹೇಳಿದೆ. ಅವರು ಮನಸ್ಸಿನಲ್ಲೇ ಗುಣಿಸಿ ನೋಡಿ, “ಸರಿ ಅದ” ಎಂದರು.

ನಾನು ಪಾಸಾದೆ. ಅವರು ಗಣಿತದಲ್ಲಿ ನಪಾಸು. ಜಾಗ ಖಾಲಿಯಾಯಿತು. ಮೆಟ್ರಿಕ್ ಆದವನು, ಊರಲ್ಲೇ ಇರುವವನು, ಗಣಿತ ಬಲ್ಲವನು ಬೇಕು ಎಂದು ಹುಡುಕಿದಾಗ ಅಫಜಲಪುರದಲ್ಲಿ ಸಿಕ್ಕವನು ನಾನೊಬ್ಬನೇ. ಬೇಡ ಎನ್ನಬೇಕು ಎಂದು ಮೂರು ದಿನ ನಿದ್ದೆಗೆಟ್ಟೆ. ನಾಲ್ಕನೆಯ ದಿನ ಹೋಗಿ ಕುರ್ಚಿಯಲ್ಲಿ ಕೂತೆ. ನಿದ್ದೆಗೆಟ್ಟದ್ದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಂದು ಆಗ ನನಗೊಂದು ನಂಬಿಕೆ ಇತ್ತು.

ಅಂದು ಸಂಜೆ ಅವರು ಹಲಗೆಯನ್ನು ಬಗಲಲ್ಲಿ ಹಿಡಿದುಕೊಂಡು ಅತ್ತೆಯ ಮನೆಗೆ ಬಂದರು. ಉಸುಕಿನ ಚೀಲವನ್ನೂ ತಂದಿದ್ದರು.

“ಸರಸಂಬಾದಾಗ ಎರಿ ಮಣ್ಣು. ಅದರಾಗ ಬೆರಳು ಆಡಂಗಿಲ್ಲ. ಇಲ್ಲೇ ಇರ್ಲಿ.”

“ಮಾಸ್ತರ್ರಿ, ನಿಮ್ಮ ಜಾಗಾದಾಗ ನಾ ಹ್ಯಾಂಗ...”

“ಬ್ಯಾರೆ ಯಾಂವರೆ ಬಂದಿದ್ರ ಹುಡುಗರಿಗೆ ಬಾಯಿಪಾಠ ಮಾಡಿಸ್ತಿದ್ದ. ನೀ ಬಂದದ್ದು ಚಲೋ ಆತು.” ಹೊಸ್ತಿಲಲ್ಲಿ ನಿಂತು ಒಂದು ಮಾತು ಸೇರಿಸಿದರು: “ಹುಡುಗರಿಗೆ ಅಳಿಸಾಕ ಕಲಿಸಬ್ಯಾಡ.”

ಇಷ್ಟು ವರ್ಷ ಕಲಿಸಿಲ್ಲ. ಹಲಗೆಯನ್ನು ಒಂದು ದಿನವೂ ಶಾಲೆಗೆ ಒಯ್ಯಲಿಲ್ಲ. ಜೇವರ್ಗಿಗೆ ವರ್ಗವಾದಾಗ ಬಂಡಿಯಲ್ಲಿ ಹೇರಿಕೊಂಡು ಬಂದೆ, ಅಟ್ಟದ ಮೇಲಿದೆ. ಪರೀಕ್ಷೆಗಳಲ್ಲಿ ಮೇಲ್ವಿಚಾರಣೆಗೆ ನಿಂತಾಗ ಯಾವ ಹುಡುಗನ ಕೈಯಲ್ಲಾದರೂ ಪಟ್ಟಿ ಕಂಡರೆ ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ. ಅವರಲ್ಲಿ ಎಷ್ಟು ಮಂದಿ ಚೀಟಿ ಇಟ್ಟುಕೊಂಡು ಪಾಸಾಗಿ ಸಾಹೇಬರಾಗಿದ್ದಾರೋ ದೇವರೇ ಬಲ್ಲ. ಆ ಚಿಂತೆಯೂ ನನ್ನದೇ.

ನಾನು ಜೇವರ್ಗಿಗೆ ಬಂದ ಹೊಸದು, ನಿಜಾಮಶಾಹಿ ಮುಗಿದು ವರ್ಷವಾಗಿತ್ತು. ಮಾಸ್ತರರಿಗೆ ಜಡ್ಡಾಗಿದೆ, ಮಾತು ನಿಂತಿದೆ ಎಂದು ಜೇವರ್ಗಿಗೆ ಸುದ್ದಿ ಬಂತು. ಸರಸಂಬಾ ಮುಟ್ಟಿದಾಗ ಮಧ್ಯಾಹ್ನ. ಪಡಸಾಲೆಯಲ್ಲಿ ಕೌದಿ ಹೊದಿಸಿ ಮಲಗಿಸಿದ್ದರು. ಈಗ ಶಾಲೆಗಳಲ್ಲಿ ಕನ್ನಡದಲ್ಲಿ ಕಲಿಸಲು ಸುರುಮಾಡಿದ್ದಾರೆ ಎಂದು ಕಿವಿಯ ಹತ್ತಿರ ಹೇಳಿದೆ. ಕೇಳಿಸಿತೋ ಇಲ್ಲವೋ. ಬಲಗೈ ಮಾತ್ರ ಆಡುತ್ತಿತ್ತು. ತೋರುಬೆರಳು ಕೌದಿಯ ಮೇಲೆ ಎಡದಿಂದ ಬಲಕ್ಕೆ ಹೋಗುವುದು, ತುಸು ಕೆಳಗೆ ಮತ್ತೆ ಎಡದಿಂದ ಬಲಕ್ಕೆ, ಮತ್ತೂ ಒಮ್ಮೆ. ಆಮೇಲೆ ಕೈ ಮೇಲಕ್ಕೆ ಹೋಗಿ ಬದಿಯಿಂದ ಸವರುವುದು.

“ಎರಡು ದಿನಾ ಆತು, ಹಿಂಗs ಮಾಡಾಕತ್ತಾರ” ಎಂದರು ಅವರ ಹೆಂಡತಿ. “ಇರಿವಿ ಝಾಡಸ್ತಾರೇನೋ. ಕೌದ್ಯಾಗ ಇರಿವಿ ಅದಾವೇನು ನೋಡು ತಮ್ಮಾ.” ಕೌದಿಯ ಅಂಚು ಸರಿಮಾಡುತ್ತ ಅವರೇ ಅಂದರು, “ನೌಕರಿ ಹೋದಾಗ ಕೇಳಿದ್ದೆ. ಹುಣಸಿ ಬೀಜ ಕಟಗೊಂಡು ಪರೀಕ್ಷಾಕ ಹೋಗಿದ್ರಂತ. ಯಾರ ಹೇಳ್ಯಾರ ನಿಮಗ ಅಂದ್ರ, ನಂದs ಬುದ್ಧಿ ಅಂದ್ರು. ಎಂಥಾ ಬುದ್ಧಿ ಇದ್ದೀತು ಅಂತೀನಿ. ನೀ ಅಲ್ಲೇ ಇದ್ದಿ. ನೀನರೆ ಬ್ಯಾಡಂತ ಹೇಳಬಾರದಾಗಿತ್ತಾ?”

ಬೆರಳು ಮೂರನೆಯ ಸಾಲಿನ ನಡುವೆ ಇತ್ತು. ನಾನು ಕೌದಿಯ ಮೇಲೆ ಬಗ್ಗಿ, ಒಂದೊಂದು ಹೊಲಿಗೆಯನ್ನೂ ಬಿಡಿಸಿ ಬಿಡಿಸಿ, ಬಹಳ ಹೊತ್ತು ಇರುವೆ ಹುಡುಕಿದೆ.

“ಇಲ್ರಿ ಅವ್ವಾರ” ಎಂದೆ. “ಇರಿವಿ ಇಲ್ಲ.”