ಕತ್ತರಿಸಬಾರದ ಕಾಗದ

ಮೊನ್ನೆ ಸ್ಟ್ರಾಟ್‌ಫರ್ಡ್‌ನ ಮಾಲ್‌ನಲ್ಲಿ ಮಗಳ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ನಿಂತಿದ್ದೆ. ಅಂಗಡಿಯೊಳಗೆ ಯಾರೋ ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿ ಎಳೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ‘ಮಮ್, ಜಸ್ಟ್ ಸಿಟ್’ ಎಂದಳು ಮಗಳು. ಕೂತರೆ ಚಡಪಡಿಕೆ, ಎದ್ದರೆ ಎಲ್ಲಿಗೆ ಹೋಗಬೇಕೋ ಗೊತ್ತಿಲ್ಲ. ಅದು ಗೋವಾ ಆಂಟಿಯ ಮನೆಯ ವಾಸನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿದ್ದೆವು. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಅವರ ಡ್ಯೂಟಿಗೆ ಹೊತ್ತುಗೊತ್ತು ಇಲ್ಲ. ಬೆಳಗಾವಿಯಿಂದ ಹೊಸದಾಗಿ ಬಂದಿದ್ದ ನಾನು ಇಡೀ ದಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಿದ್ದೆ. ನನ್ನ ಹೆಜ್ಜೆ ಸಪ್ಪಳಕ್ಕೆ ತಲೆಕೆಟ್ಟು ಕೆಳಗಿನ ಮನೆಯ ಅಜ್ಜಿ ಒಂದು ದಿನ ಮೇಲೆ ಬಂದರು. ಗಾಬರಿಯಲ್ಲಿ ನಾನು ‘ಅಯ್ಯ ನನ್ನ ಶಿವನ’ ಎಂದೆ. ಬೈಯಲು ಬಂದವರು ಯಾವ ಊರವಳು ಎಂದು ಕನ್ನಡದಲ್ಲೇ ಕೇಳಿದರು. ಗೋವಾದ ಮಡಗಾಂವ್‌ನವರಾದರೂ ಶಾಲೆ ಕಲಿತದ್ದು ನಮ್ಮ ಬೆಳಗಾವಿಯ ಹಾಸ್ಟೆಲಿನಲ್ಲಿ. ಅಂದಿನಿಂದ ಅವರು ನನಗೆ ಗೋವಾ ಆಂಟಿ, ನನ್ನ ಅರ್ಧ ದಿನ ಅವರ ಮನೆಯಲ್ಲೇ ಕಳೆಯತೊಡಗಿತು.

ಆಂಟಿ ಬಟ್ಟೆ ಹೊಲಿಯುತ್ತಿದ್ದರು, ಹೊಲಿದದ್ದರ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಎಳೆಯುತ್ತಿದ್ದರು. ಮಂಚದ ಕೆಳಗಿನ ಟ್ರಂಕಿನ ತುಂಬ ಒಂದೇ ಪತ್ರಿಕೆಯ ಸಂಚಿಕೆಗಳು. ಪೋರ್ಚುಗೀಸ್ ಭಾಷೆಯ, ಹೆಂಗಸರ ಫ್ಯಾಶನ್ ಮಾಸಿಕ ಅದು. ಅವರು ಚಿಕ್ಕವರಿದ್ದಾಗ ಲಿಸ್ಬನ್ನಿನಿಂದ ಹಡಗಿನಲ್ಲಿ ಮಡಗಾಂವ್‌ಗೆ ಬರುತ್ತಿತ್ತಂತೆ. ಆ ಸೆಕೆಯಲ್ಲಿ ಉಣ್ಣೆ ಕೋಟಿನ, ಕೈಗವಸಿನ ಚಿತ್ರ ನೋಡಿ ಅವರ ತಾಯಿ ನಗುತ್ತಿದ್ದರಂತೆ, ನಕ್ಕೂ ಪ್ರತಿ ತಿಂಗಳು ಕಾಯುತ್ತಿದ್ದರಂತೆ. ಗೋವಾ ಭಾರತಕ್ಕೆ ಸೇರಿದ ಮೇಲೆ ಹಡಗು ನಿಂತಿತು. ಮದುವೆಯಾಗಿ, ಆಗಿನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಮೊಜಾಂಬಿಕ್‌ಗೆ ಹೋದರೆ ಅಲ್ಲಿ ಮತ್ತೆ ಸಿಕ್ಕಿತು, ಆಗ ಬಣ್ಣದ ಪುಟಗಳು ಬಂದಿದ್ದವು, ಲಂಗ ಮೊಣಕಾಲಿನ ಮೇಲೆ ಏರಿತ್ತು. ಲಂಡನ್ನಿಗೆ ಬಂದ ಮೇಲೆ ತಿಂಗಳಿಗೊಮ್ಮೆ ಎರಡು ಟ್ಯೂಬ್ ರೈಲು ಬದಲಿಸಿ ನದಿಯಾಚೆಯ ಪೋರ್ಚುಗೀಸ್ ಅಂಗಡಿಯಿಂದ ತರುತ್ತಿದ್ದರು. ಅಷ್ಟರಲ್ಲಿ, ಉಡುಪಿನ ಅಳತೆ ಬರೆದು ಪತ್ರಿಕೆಯ ಜೊತೆ ಕೊಡುತ್ತಿದ್ದ ಹೊಲಿಗೆಯ ಹಾಳೆ ಹೋಗಿ, ಸೆಂಟಿನ ಜಾಹೀರಾತೇ ತುಂಬಿತ್ತು. ‘ಮೊದಲ ಹೊಲಿಯೂದು ಕಲಸ್ತಿತ್ತು, ಈಗ ಬರೇ ಕೊಳ್ಳೂದು ಕಲಸ್ತೈತಿ’ ಎಂದು ಬೈಯುತ್ತಲೇ ಓದುತ್ತಿದ್ದರು.

ಹಳೆಯ ಸಂಚಿಕೆಗಳ ನಡುವೆ ಮಡಚಿಟ್ಟ ಆ ಹಾಳೆ ಬಿಚ್ಚಿದರೆ ಮಂಚದಷ್ಟು ಅಗಲ. ಹತ್ತು ಉಡುಪಿನ ಗೆರೆಗಳು ಒಂದರ ಮೇಲೊಂದು ಹಾದುಹೋಗಿರುತ್ತಿದ್ದವು. ಲಿಸ್ಬನ್ನಿನಲ್ಲಿದ್ದ ಆಂಟಿಯ ಮಗಳಿಗೆ ಮದುವೆ ಗೊತ್ತಾದಾಗ, ಅಮ್ಮ ತನ್ನ ಮದುವೆಯಲ್ಲಿ ತೊಟ್ಟಂಥದೇ ಗೌನು ಬೇಕು ಎಂದಳು. ಆ ಗೌನಿನ ಅಳತೆ ಇದ್ದದ್ದು ಮಡಗಾಂವ್‌ಗೆ ಬಂದ ಕೊನೆಯ ಸಂಚಿಕೆಗಳಲ್ಲೊಂದರಲ್ಲಿ. ಆಂಟಿಗೆ ಆಗಲೇ ಕಣ್ಣಿನ ಪೊರೆ, ಆಪರೇಷನ್ನಿಗೆ ಕಾಯುವ ಪಟ್ಟಿಯಲ್ಲಿ ಹೆಸರಿತ್ತು. ಸಣ್ಣ ಗೆರೆ ಕಾಣವಲ್ಲವು, ಅಳತೆ ನೀನು ತೆಗೆದುಕೊಡು, ಹೊಲಿಗೆಗೆ ನನ್ನ ಬೆರಳು ಸಾಕು ಎಂದು ಹಾಳೆಯನ್ನು ನನ್ನ ಕೈಗಿಟ್ಟರು.

ನಾನು ಬೆಳಗಾವಿಯ ಟೇಲರಿಂಗ್ ಕ್ಲಾಸಿನಲ್ಲಿ ಫಸ್ಟ್ ಕ್ಲಾಸು ಎಂದು ಜಂಬ ಕೊಚ್ಚಿಕೊಂಡಿದ್ದವಳು. ನಮ್ಮಲ್ಲಿ ‘ಪೇಪರ್ ಕಟಿಂಗ್’ ಎಂದರೆ ಹಳೆಯ ನ್ಯೂಸ್‌ಪೇಪರಿನ ಮೇಲೆ ಗೆರೆ ಎಳೆದು ಕತ್ತರಿ ಆಡಿಸುವುದು. ಕಾಗದ ಇರುವುದೇ ಕತ್ತರಿಸಲಿಕ್ಕೆ. ಮೇಲೊಂದು ತೆಳು ಕಾಗದ ಹಾಸಿ, ಬೇಕಾದ ಗೆರೆಯನ್ನಷ್ಟೇ ಅದರಲ್ಲಿ ತೆಗೆದುಕೊಳ್ಳಬೇಕು ಎಂದು ನನಗೇನು ಗೊತ್ತು? ಆಂಟಿಯೂ ಹೇಳಲಿಲ್ಲ, ಫಸ್ಟ್ ಕ್ಲಾಸಿನವಳಿಗೆ ಏನು ಹೇಳುವುದು! ಎದೆಯ ಭಾಗವನ್ನು ಕರಕರ ಕತ್ತರಿಸಿ ಎತ್ತಿದೆ. ಆಮೇಲೆ ತೋಳು ಹುಡುಕಿದರೆ... ತೋಳಿನ ಗೆರೆ ಆ ಎದೆಯ ಭಾಗದ ನಡುವೆಯೇ ಹಾದು ಹೋಗಿತ್ತು. ಎರಡು ಹೋಳಾಗಿತ್ತು.

ಟೇಪು ಹಚ್ಚಿ ಕೂಡಿಸಿದೆ. ಅರ್ಧ ಬೆರಳು ಆಚೀಚೆ ಆಯಿತು. ಅದನ್ನೇ ಬೇರೆ ಕಾಗದಕ್ಕೆ ಇಳಿಸಿ ಕೊಟ್ಟು, ಹರಿದ ಹಾಳೆಯನ್ನು ಟ್ರಂಕಿನ ತಳಕ್ಕೆ ತುರುಕಿದೆ. ಹೇಳಿಬಿಡು, ಏನಾಗುತ್ತೆ ಎಂದರು ಗಂಡ. ದಿನಾ ಹೇಳಲೆಂದೇ ಕೆಳಗಿಳಿಯುತ್ತಿದ್ದೆ, ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಒಣಗುತ್ತಿತ್ತು.

ತೋಳು ಹೆಗಲಿಗೆ ಕೂಡಲಿಲ್ಲ. ಆಂಟಿ ಬಿಚ್ಚಿದರು, ಹೊಲಿದರು. ಮತ್ತೆ ಬಿಚ್ಚಿದರು. ನಾನು ಎದುರಿಗೇ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಮೂರನೇ ಸಲ ಬಿಚ್ಚಿದವರು ಆ ಬಿಳಿ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಬೆರಳುಗಳನ್ನೇ ನೋಡಿದರು.

‘ಕಣ್ಣ ಹೋದ್ರ ಹೋಗ್ಲಿ ಪೋರಿ,’ ಎಂದರು. ‘ನನ್ನ ಕೈನೂ ಹೋತು.’

ಆಗ ಹೇಳಬೇಕಿತ್ತು. ಆ ಒಂದು ಗಳಿಗೆಯಲ್ಲಿ ಹೇಳಬೇಕಿತ್ತು. ನಾನು ಕೇಳಿದ್ದು, ‘ಚಹಾ ಮಾಡ್ಲೇನ್ರಿ ಆಂಟಿ?’

ಆಂಟಿಯ ಮಗಳು ಅಂಗಡಿಯ ಗೌನಿನಲ್ಲಿ ಮದುವೆಯಾದಳು. ಮರುವರ್ಷ ಆಂಟಿಯ ಕಣ್ಣಿನ ಆಪರೇಷನ್ ಆಯಿತು. ರಸ್ತೆಯಾಚೆಯ ಬಸ್ಸಿನ ನಂಬರನ್ನೂ ಓದುತ್ತಿದ್ದರು, ಆದರೆ ಮಷಿನ್ನಿನ ಮೇಲೆ ಹೊದಿಸಿದ ಬಟ್ಟೆ ತೆಗೆಯಲೇ ಇಲ್ಲ. ಅದೇ ಸುಮಾರಿಗೆ ಪತ್ರಿಕೆಯೂ ನಿಂತಿತೆಂದು ಅಂಗಡಿಯವನು ಹೇಳಿದನಂತೆ. ಒಳ್ಳೆಯದೇ ಆಯಿತು, ಇನ್ನು ಯಾರಿಗೆ ಬೇಕು ಎಂದರು. ಆಮೇಲೆ ಮಗಳ ಮನೆಗೆ ಲಿಸ್ಬನ್ನಿಗೆ ಹೊರಟುಹೋದರು. ನಾನು ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸುತ್ತಿದ್ದೆ. ಅದರಲ್ಲಿ ಎರಡು ಸಾಲು ಬರೆಯಲು ನನ್ನ ಹಾಳು ಕೈಗೆ ಏನಾಗಿತ್ತೋ... ವರ್ಷ ಕಳೆದಂತೆ ಕಾರ್ಡೂ ನಿಂತಿತು.

ಮೊನ್ನೆ ಮಾಲ್‌ನಿಂದ ಬಂದವಳೇ ಹಳೆಯ ಡೈರಿ ತೆಗೆದು ಲಿಸ್ಬನ್ನಿನ ನಂಬರಿಗೆ ಫೋನ್ ಮಾಡಿದೆ. ಆಂಟಿಯ ಮಗಳೇ ಎತ್ತಿಕೊಂಡಳು. ಆಂಟಿ ತೀರಿಕೊಂಡು ಬಹಳ ವರ್ಷವಾಯಿತಂತೆ. ನನಗೆ ತಿಳಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯುವಂತೆ ನಾನು ನಂಟೇನೂ ಉಳಿಸಿಕೊಂಡಿರಲೂ ಇಲ್ಲ. ಫೋನ್ ಇಡಲಾಗದೆ, ಕತ್ತರಿ, ಟೇಪು, ತೋಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

ಅಮ್ಮ ಆಮೇಲೆ ಒಂದು ಗುಂಡಿಯನ್ನೂ ಹೊಲಿಯಲಿಲ್ಲ, ಮೊಮ್ಮಗಳ ಫ್ರಾಕು ಹರಿದರೂ ಸೂಜಿ ಮುಟ್ಟಲಿಲ್ಲ ಎಂದಳು ಆಕೆ. ಆಮೇಲೆ, ಬೈಗುಳವೇನೂ ಇಲ್ಲದ ದನಿಯಲ್ಲಿ ಹೇಳಿದಳು:

‘ಅವತ್ತೇ ಹೇಳಿದ್ದರೆ ನಿಮ್ಮ ಮೇಲೆ ಒಂದು ವಾರ ಸಿಟ್ಟು ಮಾಡಿಕೊಂಡಿರುತ್ತಿದ್ದಳು. ಆಮೇಲೆ ತೋಳು ಸರಿ ಮಾಡುತ್ತಿದ್ದಳು.’

ಹೌದು. ಅಷ್ಟೇ ಆಗುತ್ತಿತ್ತು.